ಸಾರು ಹಾಗಿರಲಿ, ಕಾಳು ಬಡಿಸಿ



ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಮನೆಗೆ ಹೊರಟವರ ಕೈಗೆ ಆಸ್ಪತ್ರೆಯವರು ಬಿಲ್ಲು, ಮಾತ್ರೆ ಚೀಟಿಗಳ ಜೊತೆಗೆ ಊಟದ ಪಟ್ಟಿಯನ್ನೂ ಕೊಟ್ಟಿರುತ್ತಾರೆ. ಅದರಲ್ಲಿ ಡಯಟಿಷಿಯನ್ ಅಡಿಗೆರೆ ಎಳೆದು ಹೇಳುವ ಸಾಲು ಇದು: ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್. ಮನೆಯವರು ತಲೆಯಾಡಿಸುತ್ತಾರೆ. ಮನೆಗೆ ಬಂದು ತಿಳಿಸಾರು ಮಾಡಿ, ಬಿಸಿಬಿಸಿಯಾಗಿ ಲೋಟಕ್ಕೆ ಬಗ್ಗಿಸಿ ಕೊಡುತ್ತಾರೆ. ಬೇಳೆ ಬೇಯಿಸಿ ಮಾಡಿದ ಸಾರು, ಬೇಳೆಯಲ್ಲಿ ಪ್ರೋಟೀನ್ ಇದೆ, ಇನ್ನೇನು ಬೇಕು ಎಂಬುದು ಅವರ ಲೆಕ್ಕ.

ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ನಾಲ್ಕು ಜನರ ಮನೆಯಲ್ಲಿ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರು ಎನ್ನಿ. ಅದರಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ. ನಾಲ್ವರಿಗೆ ಎರಡು ಹೊತ್ತಿಗೆ ಹಂಚಿದರೆ ಒಬ್ಬರಿಗೆ ಒಂದು ಹೊತ್ತಿಗೆ ಮೂರು ಗ್ರಾಂ ಕೂಡ ಬರುವುದಿಲ್ಲ. ಬೇಳೆ ತಳಕ್ಕೆ ಇಳಿದು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿದರೆ ಅದೂ ಇಲ್ಲ. 60 ಗ್ರಾಂ ಮುಟ್ಟಬೇಕಾದರೆ ಅಂಥ ಲೋಟಗಳನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಕುಡಿಯಬೇಕು. ಕುಡಿಯುವುದಾದರೂ ಎಲ್ಲಿಗೆ? ಆಪರೇಷನ್ ಆದವರ ಹೊಟ್ಟೆಯಲ್ಲಿ ಜಾಗವೇ ಇರುವುದಿಲ್ಲ.

ನಮ್ಮಲ್ಲಿ ಇಂದು ಹೆಚ್ಚಾಗಿ ನಡೆಯುವುದು ಎರಡು ಬಗೆಯ ಆಪರೇಷನ್. ಒಂದು ಸ್ಲೀವ್. ಇದರಲ್ಲಿ ಜಠರವನ್ನು ಉದ್ದುದ್ದಕ್ಕೆ ಕತ್ತರಿಸಿ, ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತೆಗೆದುಹಾಕುತ್ತಾರೆ. ಉಳಿಯುವುದು ಸಣ್ಣ ಕೊಳವೆಯಷ್ಟು ಜಠರ. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಚೀಲವನ್ನಷ್ಟೇ ಉಳಿಸಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಮೇದೋಜೀರಕ ಗ್ರಂಥಿಯ ರಸಗಳು ಪ್ರೋಟೀನ್ ಅನ್ನು ಅರೆದು ಜೀರ್ಣಿಸುವ ಕೆಲಸ ಇಲ್ಲಿ ಬೇಗ ಶುರುವಾಗುವುದಿಲ್ಲ. ಆಹಾರ ಕರುಳಿನಲ್ಲಿ ಒಂದಷ್ಟು ದೂರ ಇಳಿದ ಮೇಲೆಯೇ ಆ ರಸಗಳ ಭೇಟಿ. ಸ್ಲೀವ್ ಮಾಡಿಸಿಕೊಂಡವರ ಪಾಡು ಬೇರೆ. ಹಸಿವನ್ನು ಕೆರಳಿಸುವ ಘ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಕತ್ತರಿಸಿ ತೆಗೆದ ಆ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅವರಿಗೆ ಹಸಿವೇ ಆಗುವುದಿಲ್ಲ. ಹಸಿವಾದಾಗ ತಿನ್ನುತ್ತೇನೆ ಎಂದು ಕೂತರೆ ಸಂಜೆಯಾದರೂ ಏನೂ ಒಳಗೆ ಹೋಗಿರುವುದಿಲ್ಲ. ಗಡಿಯಾರ ನೋಡಿಯೇ ತಿನ್ನಬೇಕು.

ಪ್ರೋಟೀನ್ ಬಗ್ಗೆ ವೈದ್ಯರು ಇಷ್ಟು ಪಟ್ಟು ಹಿಡಿಯುವುದಕ್ಕೆ ಹಳೆಯ ಕಾರಣಗಳಿವೆ. ಬೈಪಾಸ್ ವಿಧಾನವನ್ನು 1960ರ ದಶಕದ ನಡುವೆ ರೂಪಿಸಿದವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಅವರಿಗಿಂತ ಮೊದಲು, 1954ರಲ್ಲಿ, ಮಿನೆಸೋಟಾದ ವೈದ್ಯರು ಜಠರವನ್ನು ಮುಟ್ಟದೆ ಸಣ್ಣ ಕರುಳಿನ ಬಹುಭಾಗವನ್ನೇ ಬಳಸಿ ಹೋಗುವಂತೆ ಜೋಡಿಸುವ ವಿಧಾನವನ್ನು ವರದಿ ಮಾಡಿದ್ದರು. ಜನ ಹೊಟ್ಟೆ ತುಂಬ ತಿಂದರೂ ತೂಕ ಇಳಿಯಿತು. ಆಮೇಲೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಪೋಷಣೆಯ ಕೊರತೆ, ಕೊನೆಗೆ ಯಕೃತ್ತೇ ಸೋತ ಪ್ರಕರಣಗಳು ಒಂದೊಂದಾಗಿ ಬಂದವು. ಎಷ್ಟೋ ಜನರ ಹೊಟ್ಟೆಯನ್ನು ಮತ್ತೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಆ ವಿಧಾನ ಈಗ ಬಳಕೆಯಲ್ಲಿಲ್ಲ. 1970ರ ದಶಕದಲ್ಲಿ ಇಟಲಿಯ ಜಿನೋವಾದಲ್ಲಿ ನಿಕೋಲಾ ಸ್ಕೋಪಿನಾರೊ ಮತ್ತೊಂದು ದಾರಿ ಹುಡುಕಿದರು. ತೂಕ ಇಳಿಸುವುದರಲ್ಲಿ ಅದು ಬಲು ಗಟ್ಟಿ. ಆದರೆ ಕೆಲವರಲ್ಲಿ ಪ್ರೋಟೀನ್ ಕೊರತೆಯಿಂದ ಕಾಲು ಊದಿಕೊಳ್ಳುವುದು, ಸ್ನಾಯು ಸೊರಗುವುದು ಕಂಡಿತು. ಆ ಬಗೆಯ ಆಪರೇಷನ್ ಆದವರಿಗೆ ಇಂದಿಗೂ ದಿನಕ್ಕೆ 90 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೋಟೀನ್ ಹೇಳುವುದು ಅದಕ್ಕಾಗಿಯೇ.

ಆಪರೇಷನ್ ಇಲ್ಲದೆಯೂ ಇದೇ ಪಾಠ ಇನ್ನೊಂದು ಕಡೆಯಿಂದ ಬಂತು. 1976ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಲಿನ್ ಎಂಬ ವೈದ್ಯರ ಪುಸ್ತಕವೊಂದು ಭಾರೀ ಜನಪ್ರಿಯವಾಯಿತು. ಬೇರೆ ಊಟವೆಲ್ಲ ಬಿಟ್ಟು ದ್ರವರೂಪದ ಪ್ರೋಟೀನ್ ಮಾತ್ರ ಕುಡಿದರೆ ತೂಕ ಇಳಿಯುತ್ತದೆ ಎಂಬುದು ಅದರ ತಿರುಳು. ಆ ದ್ರವವನ್ನು ತಯಾರಿಸುತ್ತಿದ್ದದ್ದು ಕಸಾಯಿಖಾನೆಯಲ್ಲಿ ಉಳಿದ ಚರ್ಮ, ಮೂಳೆ, ಸ್ನಾಯುರಜ್ಜುಗಳಿಂದ. ಹೆಸರಿಗೆ ಅದೂ ಪ್ರೋಟೀನೇ, ಕೊಲಾಜೆನ್. ಆದರೆ ದೇಹಕ್ಕೆ ಅಗತ್ಯವಾದ ಅಮೈನೋ ಆಮ್ಲಗಳಲ್ಲಿ ಒಂದಾದ ಟ್ರಿಪ್ಟೊಫಾನ್ ಅದರಲ್ಲಿ ಇಲ್ಲವೇ ಇಲ್ಲ. ಮುಂದಿನ ಎರಡು ವರ್ಷಗಳಲ್ಲಿ ಅಂಥ ಪಥ್ಯ ಮಾಡಿದವರ ಪೈಕಿ ಸುಮಾರು 60 ಸಾವುಗಳು ಅಲ್ಲಿನ ಸರ್ಕಾರದ ಗಮನಕ್ಕೆ ಬಂದವು. ಹೃದಯದ ಬಡಿತ ತಾಳ ತಪ್ಪಿ ಸತ್ತವರು ಅವರಲ್ಲಿದ್ದರು. ಇವತ್ತು ಕೂದಲಿಗೆ, ಚರ್ಮಕ್ಕೆ ಒಳ್ಳೆಯದು ಎಂದು ಅದೇ ಕೊಲಾಜೆನ್ ಪುಡಿ ಚೆಂದದ ಡಬ್ಬಿಗಳಲ್ಲಿ ಮಾರಾಟವಾಗುತ್ತಿದೆ. ಬೇಕೆನಿಸಿದವರು ತೆಗೆದುಕೊಳ್ಳಲಿ, ಆಪರೇಷನ್ ಆದವರು ಮಾತ್ರ ಅದನ್ನು ದಿನದ 60 ಗ್ರಾಂನ ಲೆಕ್ಕಕ್ಕೆ ಸೇರಿಸಬಾರದು.

ಇನ್ನು ನಮ್ಮ ದೇಹದ ವಿಷಯ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟ್ಟ ಫೋಟೋ ಪ್ರಕಟವಾಯಿತು. ಇಬ್ಬರು ವಿಜ್ಞಾನಿಗಳು ಅಕ್ಕಪಕ್ಕ ನಿಂತಿದ್ದಾರೆ: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಬ್ರಿಟನ್ನಿನ ಜಾನ್ ಯುಡ್ಕಿನ್. ಎತ್ತರಕ್ಕೆ ತೂಕದ ಅನುಪಾತವಾದ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ನರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತಕ್ಕಡಿಯ ಮೇಲೆ ಸಮ, ಒಳಗೆ ಅಜಗಜಾಂತರ. ಭಾರತೀಯರ ಮೈಯಲ್ಲಿ ಅದೇ ಬಿಎಂಐಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ ಎಂಬ ಮಾತನ್ನು ಸಾರಿದ ಫೋಟೋ ಅದು. ಬೊಜ್ಜಿನ ಆಪರೇಷನ್ನಿಗೆ ಏಷ್ಯಾದವರ ಬಿಎಂಐ ಮಿತಿಯನ್ನು ಇತರರಿಗಿಂತ ಕೆಳಗೆ ಇಟ್ಟಿರುವುದರ ಹಿಂದೆಯೂ ಇಂಥ ತಿಳಿವಳಿಕೆಯೇ ಇದೆ.

ತೂಕ ಸರಸರನೆ ಇಳಿಯುವಾಗ ಕೊಬ್ಬು ಮಾತ್ರ ಕರಗುವುದಿಲ್ಲ. ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯು ಮೊದಲಾದ ಕೊಬ್ಬಲ್ಲದ ಅಂಶವಾಗಿರುತ್ತದೆ. 30 ಕಿಲೋ ಇಳಿದವರು ಏಳೆಂಟು ಕಿಲೋ ಅಂಥದ್ದನ್ನೇ ಕಳೆದುಕೊಂಡಿರಬಹುದು. ಸ್ನಾಯುವಿನ ಬಂಡವಾಳ ಮೊದಲೇ ಕಡಿಮೆ ಇರುವ ನಮ್ಮವರಿಗೆ ಈ ನಷ್ಟ ದುಬಾರಿ. ಕೊಬ್ಬನ್ನು ಕೂಡಿಡಲು ದೇಹಕ್ಕೆ ಜಾಗವುಂಟು, ಪ್ರೋಟೀನ್‌ಗೆ ಅಂಥ ಉಗ್ರಾಣವಿಲ್ಲ. ದಿನದ ಊಟದಲ್ಲಿ ಬರದಿದ್ದರೆ ದೇಹ ತನ್ನ ಸ್ನಾಯುವನ್ನೇ ಒಡೆದು ತೆಗೆಯುತ್ತದೆ. ನೆಂಟರು "ಎಷ್ಟು ಸಣ್ಣಗಾಗಿದ್ದೀಯಲ್ಲೇ!" ಎಂದು ಬೆರಗಾಗುವ ಹೊತ್ತಿಗೆ ಆಕೆಗೆ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿರುತ್ತದೆ.

ಹಾಗಾದರೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ 65 ಕಿಲೋ ತೂಕದ ಆರೋಗ್ಯವಂತ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಪ್ರೋಟೀನ್ ಸಾಕು. ಆಪರೇಷನ್ ಆದವರಿಗೆ ಕನಿಷ್ಠ 60 ಗ್ರಾಂ. ಇಲ್ಲವೇ ಎತ್ತರಕ್ಕೆ ತಕ್ಕ ಆದರ್ಶ ತೂಕದ ಪ್ರತಿ ಕಿಲೋಗೆ ಒಂದರಿಂದ ಒಂದೂವರೆ ಗ್ರಾಂ. 110 ಕಿಲೋ ತೂಗುವವರು 110ನ್ನು ಗುಣಿಸಿ ಗಾಬರಿಯಾಗಬೇಕಿಲ್ಲ. ಅವರ ಎತ್ತರಕ್ಕೆ 55 ಕಿಲೋ ಸರಿಯಾದ ತೂಕವಾದರೆ ಗುಣಿಸಬೇಕಾದದ್ದು 55ನ್ನು. ಮೊದಲ ವಾರಗಳಲ್ಲಿ ಇಡೀ ದಿನದ ಆಹಾರವೇ 500-600 ಕ್ಯಾಲರಿ ದಾಟುವುದು ಕಷ್ಟ. 60 ಗ್ರಾಂ ಪ್ರೋಟೀನಿನಲ್ಲಿ 240 ಕ್ಯಾಲರಿ ಇದೆ. ಅಂದರೆ ತಿಂದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಪ್ರೋಟೀನೇ ಆಗಿರಬೇಕು.

ನಮ್ಮ ಊಟದ ಎಲೆ ಇದಕ್ಕೆ ತೀರ ಉಲ್ಟಾ. ನಡುವೆ ಅನ್ನ, ಇಲ್ಲವೇ ಮುದ್ದೆ, ಇಲ್ಲವೇ ರೊಟ್ಟಿ. ಕಾಳು, ಬೇಳೆ, ಮೊಸರು ಎಲ್ಲ ಅಂಚಿನಲ್ಲಿ, ನಂಜಿಕೊಳ್ಳಲು, ಕಲಸಿಕೊಳ್ಳಲು. ಬೇಯಿಸಿದ ಅನ್ನ 100 ಗ್ರಾಂನಲ್ಲಿ ಪ್ರೋಟೀನ್ ಎರಡೂವರೆ ಗ್ರಾಂನ ಆಸುಪಾಸು, ಒಂದು ಇಡ್ಲಿಯಲ್ಲಿ ಎರಡು ಗ್ರಾಂನ ಹತ್ತಿರ. ರಾಗಿಯ ಸುಣ್ಣದಂಶವನ್ನು ಎಷ್ಟು ಹೊಗಳಿದರೂ ತಕ್ಕದ್ದೇ. ಪ್ರೋಟೀನ್ ಮಾತ್ರ 100 ಗ್ರಾಂ ಹಿಟ್ಟಿಗೆ ಏಳು ಗ್ರಾಂ ಅಷ್ಟೆ. ಮುದ್ದೆಗೆ ಇನ್ನೊಂದು ತೊಡಕಿದೆ. ಅದನ್ನು ಅಗಿಯುವವರಿಲ್ಲ, ನುಂಗುವುದೇ ರೂಢಿ. ಹೊಸ ಹೊಟ್ಟೆಯ ಮೊದಲ ನಿಯಮವೇ ತುತ್ತನ್ನು ಇಪ್ಪತ್ತು, ಇಪ್ಪತ್ತೈದು ಸಲ ಅಗಿಯಬೇಕು ಎಂಬುದು. ಮಂಡ್ಯ, ಹಾಸನದ ಕಡೆಯವರಿಗೆ ಇದು ಹೇಳಿದಷ್ಟು ಸುಲಭವಲ್ಲ. ಆದರೂ ಮೊದಲ ಕೆಲವು ತಿಂಗಳು ಮುದ್ದೆಯನ್ನು ದೂರ ಇಡುವುದೇ ಕ್ಷೇಮ.

ಹಾಗೆಂದು ನಮ್ಮ ಅಡುಗೆಮನೆಯನ್ನೇ ಬಿಟ್ಟು ಓಡಬೇಕಿಲ್ಲ. ಬಸ್ಸಾರು ಮಾಡುವ ಕ್ರಮ ನೋಡಿ. ಹುರುಳಿಯನ್ನೋ ಹೆಸರುಕಾಳನ್ನೋ ಸೊಪ್ಪಿನ ಜೊತೆ ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲಿ ಸಾರು. ಬಸಿದ ಕಾಳು, ಸೊಪ್ಪಿನಲ್ಲಿ ಪಲ್ಯ. ಪ್ರೋಟೀನಿನ ದೊಡ್ಡ ಪಾಲು ಉಳಿಯುವುದು ಕಾಳಿನಲ್ಲಿ. ಇಡೀ ಮನೆ ಸಾರಿಗಾಗಿ ಕಾಯುತ್ತಿರುವಾಗ ಆಪರೇಷನ್ ಆದವರು ಕೇಳಬೇಕಾದದ್ದು ಪಲ್ಯವನ್ನು. ಹಬ್ಬದ ಹೋಳಿಗೆಯಲ್ಲಂತೂ ಇನ್ನೂ ತಮಾಷೆ. ಬೆಂದ ಕಡಲೆಬೇಳೆ ಹೂರಣಕ್ಕೆ ಹೋಗುತ್ತದೆ, ಅದರ ಕಟ್ಟು ಒಬ್ಬಟ್ಟಿನ ಸಾರಾಗುತ್ತದೆ. ಬೇಳೆ ಬೇಕು ಎಂದು ಹೋಳಿಗೆಗೆ ಕೈ ಹಾಕಿದರೆ ಬೆಲ್ಲ ಕಾದು ಕೂತಿರುತ್ತದೆ. ಬೈಪಾಸ್ ಆದವರಲ್ಲಿ ಸಿಹಿ ಸರಕ್ಕನೆ ಕರುಳಿಗೆ ಇಳಿದು ಬೆವರು, ಎದೆಬಡಿತ, ಹೊಟ್ಟೆ ಮುರಿತ, ಭೇದಿ ಆಗುವುದುಂಟು, ಡಂಪಿಂಗ್ ಎನ್ನುತ್ತಾರೆ. ಹೂರಣಕ್ಕೆ ಬೆಲ್ಲ ಬೆರೆಸುವ ಮುನ್ನ ಒಂದು ಬಟ್ಟಲು ಬೇಳೆ ತೆಗೆದಿಟ್ಟು ಒಗ್ಗರಣೆ ಹಾಕಿಕೊಟ್ಟರೆ ಹಬ್ಬವೂ ಆಯಿತು, ಪಥ್ಯವೂ ಆಯಿತು.

ಊರೂರಿನ ಅಡುಗೆಯಲ್ಲಿ ಇಂಥ ಆಯ್ಕೆಗಳಿವೆ. ಉತ್ತರ ಕರ್ನಾಟಕದವರು ಖಡಕ್ ರೊಟ್ಟಿಯನ್ನು ಪಕ್ಕಕ್ಕಿಟ್ಟು ಝುಣಕವನ್ನು, ಮಡಕಿಕಾಳಿನ ಪಲ್ಯವನ್ನು ಮುಂದಕ್ಕೆ ಎಳೆದುಕೊಳ್ಳಬಹುದು. 30 ಗ್ರಾಂ ಕಡಲೆಹಿಟ್ಟಿನಲ್ಲಿ ಆರೇಳು ಗ್ರಾಂ ಪ್ರೋಟೀನ್ ಇದೆ. ಕರಾವಳಿಯವರದ್ದು ಪುಣ್ಯ: 75 ಗ್ರಾಂ ಮೀನಿಗೆ 14 ಗ್ರಾಂ, ಅದೂ ಮೆತ್ತಗೆ, ಬೇಗ ಜೀರ್ಣವಾಗುವಂಥದು. ಕೋಳಿಯಲ್ಲಿ ಪ್ರೋಟೀನ್ ಇನ್ನೂ ಹೆಚ್ಚು. ಆದರೆ ಒಣಗಿದ ಚೂರು ಆ ಸಣ್ಣ ದಾರಿಯಲ್ಲಿ ಸಿಕ್ಕಿಕೊಂಡು ಎದೆ ಹಿಡಿಸುತ್ತದೆ. ಎಷ್ಟೋ ಜನ ಬೈಪಾಸ್ ಆದ ಮೇಲೆ ಮಾಂಸವೇ ಬೇಡ ಎನ್ನುವುದು ಇದರಿಂದ. ಕೈಮಾ ಮಾಡಿ, ಗೊಜ್ಜಿನಲ್ಲಿ ಮೆತ್ತಗೆ ಬೇಯಿಸಿದರೆ ಇಳಿಯುತ್ತದೆ. ಮೊಟ್ಟೆಗೆ ತಕರಾರಿಲ್ಲದ ಮನೆಯಲ್ಲಿ ಅರ್ಧ ಚಿಂತೆ ಅಲ್ಲಿಗೇ ಮುಗಿಯಿತು: ಒಂದಕ್ಕೆ ಆರು ಗ್ರಾಂ, ಅದೂ ಉತ್ತಮ ದರ್ಜೆಯದು.

ಶುದ್ಧ ಸಸ್ಯಾಹಾರಿಗಳಿಗೆ ಶ್ರಮ ಹೆಚ್ಚು, ಅಸಾಧ್ಯವೇನಲ್ಲ. ಆಪರೇಷನ್ ಆಗಿ ಮೂರು ನಾಲ್ಕು ತಿಂಗಳಾದವರ ಒಂದು ದಿನವನ್ನು ಲೆಕ್ಕ ಹಾಕೋಣ. ಬೆಳಿಗ್ಗೆ ಲೋಟ ಹಾಲಿಗೆ ಎರಡು ಚಮಚ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿದರೆ 11 ಗ್ರಾಂ. ತಿಂಡಿಗೆ ನೆನೆಸಿ ರುಬ್ಬಿದ ಹೆಸರುಕಾಳಿನ ಪುಟ್ಟ ದೋಸೆ, ಮೇಲೆ ಒಂದಿಷ್ಟು ತುರಿದ ಪನೀರ್: ಮತ್ತೆ 11. ಹನ್ನೊಂದು ಗಂಟೆಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಆರು. ಮಧ್ಯಾಹ್ನ ಗಟ್ಟಿಯಾಗಿ ಬೇಯಿಸಿದ ಕಾಳು, ಏಳು. ಸಂಜೆ ಒಣತೂಕದಲ್ಲಿ 20 ಗ್ರಾಂ ಸೋಯಾ ಚಂಕ್ಸ್, ಚೆನ್ನಾಗಿ ನೆನೆಸಿ ಹಿಂಡಿ ಪುಡಿ ಮಾಡಿದ್ದು, ಹತ್ತು. ರಾತ್ರಿ 50 ಗ್ರಾಂ ಪನೀರ್, ಒಂಬತ್ತು. ಒಟ್ಟು 54. ಇಷ್ಟೆಲ್ಲ ಕಷ್ಟಪಟ್ಟರೂ 60 ಆಗಲಿಲ್ಲ ನೋಡಿ! ಇದಕ್ಕೇ ಡಯಟಿಷಿಯನ್ನರು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನು ಬರೆದುಕೊಡುವುದು. ಅರ್ಧ ಅಳತೆಗೆ ಹತ್ತು ಹನ್ನೆರಡು ಗ್ರಾಂ ಸಿಕ್ಕಿ ಲೆಕ್ಕ ಸರಿಹೋಗುತ್ತದೆ. ಹಾಲು ಒಗ್ಗದವರಿಗೆ ಲ್ಯಾಕ್ಟೋಸ್ ಕಡಿಮೆಯಿರುವ ಐಸೋಲೇಟ್ ಬಗೆ ಇದೆ. ಮಾಲ್ಟಿನ ಪುಡಿಗಳು ಇದಕ್ಕೆ ಬದಲಿಯಲ್ಲ. ಡಬ್ಬಿಯ ಮೇಲೆ ಗಟ್ಟಿಮುಟ್ಟಾದ ಮಗುವಿನ ಚಿತ್ರ ಏನೇ ಹೇಳಲಿ, ಹಿಂಬದಿಯ ಪಟ್ಟಿಯಲ್ಲಿ ಸಕ್ಕರೆ ಎಷ್ಟು, ಪ್ರೋಟೀನ್ ಎಷ್ಟು ಎಂದು ಓದಿಯೇ ಕೊಳ್ಳಬೇಕು.

ಪುಡಿ ಎಂದರೆ ಮೂಗು ಮುರಿಯುವವರು ಮೈಸೂರಿನ ಕಡೆ ಒಮ್ಮೆ ತಿರುಗಿ ನೋಡಲಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಜನರ ಬಾಯಲ್ಲಿ ಸಿಎಫ್‌ಟಿಆರ್‌ಐ, ಆರಂಭದ ವರ್ಷಗಳಲ್ಲೇ ವಿವಿಧೋದ್ದೇಶ ಆಹಾರ ಎಂಬ ಪುಡಿಯನ್ನು ತಯಾರಿಸಿತ್ತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು, ಹುರಿದ ಕಡಲೆಹಿಟ್ಟು ಕಾಲು, ಜೊತೆಗೆ ಜೀವಸತ್ವ, ಸುಣ್ಣ, ಪ್ರೋಟೀನ್ ಶೇ. 40ಕ್ಕಿಂತ ಹೆಚ್ಚು. ಅದು ಹುಟ್ಟಿದ್ದು ಹಸಿದವರಿಗಾಗಿ, ಸೊರಗಿದ ಮಕ್ಕಳಿಗಾಗಿ. ಮನೆಯಲ್ಲಿ ಹುರಿಗಡಲೆ ಪುಡಿ ಮಾಡಿ ಮೊಸರಿಗೋ ಪಲ್ಯಕ್ಕೋ ಬೆರೆಸುವವರು ಅದೇ ದಾರಿಯಲ್ಲಿದ್ದಾರೆ. ಎರಡು ದೊಡ್ಡ ಚಮಚಕ್ಕೆ ಮೂರು ಗ್ರಾಂ ಸೇರಿದರೂ ಸಣ್ಣ ಹೊಟ್ಟೆಗೆ ಅದು ದೊಡ್ಡದೇ.

ತಿನ್ನುವ ಕ್ರಮದ ಬಗ್ಗೆ ಮೂರು ಮಾತು. ತಟ್ಟೆಯಲ್ಲಿ ಪ್ರೋಟೀನ್ ಇರುವುದನ್ನು ಮೊದಲು ತಿನ್ನಿ, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಊಟದ ಜೊತೆ ನೀರು, ಮಜ್ಜಿಗೆ ಬೇಡ. ಅರ್ಧ ಗಂಟೆಯ ಅಂತರವಿರಲಿ. ಕೊನೆಯ ತುತ್ತಿಗೆ ಮಜ್ಜಿಗೆ ಅನ್ನ ಇಲ್ಲದಿದ್ದರೆ ಊಟವೇ ಆಗಲಿಲ್ಲ ಎನ್ನುವವರಿಗೆ ಇದು ಎಲ್ಲಕ್ಕಿಂತ ಕಠಿಣ ಶಿಕ್ಷೆ. ಮೂರನೆಯದು, ಸಲೀಸಾಗಿ ಇಳಿಯುವುದರ ಮೇಲೆ ಒಂದು ಕಣ್ಣಿಡಿ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಮಂಡಕ್ಕಿ, ಚಕ್ಕುಲಿ ಚೂರು ಹೊಟ್ಟೆಯಲ್ಲಿ ನಿಲ್ಲದೆ ಜಾರಿಬಿಡುತ್ತವೆ, ಕಾಳು ತಡೆದು ನಿಲ್ಲುತ್ತದೆ. ಸಲೀಸೆಂದು ಬಿಸ್ಕತ್ತನ್ನೇ ಹಿಡಿದವರಿಗೆ ಪ್ರೋಟೀನೂ ಸಿಗುವುದಿಲ್ಲ, ಇಳಿದ ತೂಕವೂ ಒಂದೆರಡು ವರ್ಷದಲ್ಲಿ ಮೆಲ್ಲಗೆ ವಾಪಸಾಗುತ್ತದೆ. ಇನ್ನು ಏಕಾದಶಿ, ಶಿವರಾತ್ರಿಯ ಉಪವಾಸ. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆಂದೇ ತಿಳಿಯಿರಿ. ಫಲಾಹಾರ ಮಾಡಲೇಬೇಕೆಂದರೆ ಹಾಲು, ಮೊಸರು, ಕಡಲೆಕಾಯಿಯನ್ನು ನೆಚ್ಚಿಕೊಳ್ಳಿ. ಮೊದಲ ವರ್ಷ ಉಪವಾಸವನ್ನೇ ಕೈಬಿಟ್ಟರೆ ಯಾವ ದೇವರೂ ಮುನಿಯಲಾರ.

ಮೂರರಿಂದ ಆರು ತಿಂಗಳ ನಡುವೆ ಬಾಚಣಿಗೆ ತುಂಬ ಕೂದಲು ಬಂದು ಅನೇಕರು, ಅದರಲ್ಲೂ ಹೆಂಗಸರು, ಹೆದರುತ್ತಾರೆ. ತೂಕ ವೇಗವಾಗಿ ಇಳಿದಾಗ ಕೂದಲು ಒಟ್ಟಾಗಿ ವಿಶ್ರಾಂತಿಗೆ ಹೋಗಿ ಉದುರುವುದು ಸಹಜ. ಸಾಮಾನ್ಯವಾಗಿ ಮತ್ತೆ ಬರುತ್ತದೆ. ವರ್ಷ ತುಂಬುತ್ತಾ ಬಂದರೂ ನಿಲ್ಲದಿದ್ದರೆ ಪ್ರೋಟೀನ್, ಕಬ್ಬಿಣ, ಸತುವನ್ನು ಪರೀಕ್ಷಿಸಲೇಬೇಕು. ಪಾದ ಊದುವುದು, ಗಾಯ ಮಾಯದಿರುವುದು, ಕೂತಲ್ಲಿಂದ ಏಳಲು ಕೈ ಊರಬೇಕಾಗುವುದು ಇನ್ನೂ ಗಂಭೀರ ಸೂಚನೆಗಳು. ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಇಳಿದರೆ ವೈದ್ಯರು ಹುಬ್ಬೇರಿಸುತ್ತಾರೆ. ಅದರ ಮಟ್ಟ ನಿಧಾನವಾಗಿ ಇಳಿಯುವಂಥದ್ದರಿಂದ, ವರದಿಯಲ್ಲಿ ಕಾಣುವ ಹೊತ್ತಿಗೆ ಕೊರತೆ ವಾರಗಳಷ್ಟು ಹಳೆಯದಾಗಿರುತ್ತದೆ.

"ಇಷ್ಟೊಂದು ಪ್ರೋಟೀನ್ ತಿಂದರೆ ಕಿಡ್ನಿ ಹಾಳಾಗಲ್ವಾ ಡಾಕ್ಟ್ರೇ?" ಎಂಬ ಪ್ರಶ್ನೆ ಪ್ರತಿ ಕ್ಲಿನಿಕ್ಕಿನಲ್ಲೂ ಬರುತ್ತದೆ. ಮೂತ್ರಪಿಂಡ ಸರಿಯಾಗಿರುವವರಿಗೆ 60-80 ಗ್ರಾಂ ಅತಿಯೇನಲ್ಲ. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರ ಲೆಕ್ಕ ಬೇರೆ. ಅದನ್ನು ಅವರ ವೈದ್ಯರೇ ಹಾಕಿಕೊಡಬೇಕು. ತಿಂದ ಪ್ರೋಟೀನ್ ಸ್ನಾಯುವಾಗಿ ನಿಲ್ಲಬೇಕಾದರೆ ಸ್ನಾಯುವಿಗೆ ಕೆಲಸವೂ ಬೇಕು: ನಡಿಗೆಯ ಜೊತೆಗೆ, ವೈದ್ಯರು ಒಪ್ಪಿದ ಮೇಲೆ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಸಣ್ಣ ತೂಕ ಎತ್ತುವುದು.

ಕೊನೆಯದಾಗಿ ಮನೆಯವರಲ್ಲಿ ಒಂದು ವಿನಂತಿ. ಆಪರೇಷನ್ ಆದ ಮೊದಲ ವರ್ಷದಲ್ಲಿ ವೈದ್ಯರು ಹೇಳಿದ ದಿನಗಳಂದು, ಆಮೇಲೆ ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು: ಅಲ್ಬುಮಿನ್, ಕಬ್ಬಿಣ, ಬಿ12, ಡಿ ಜೀವಸತ್ವ, ಸುಣ್ಣ. ತೂಕ ಇಳಿದು ಮೈ ಹಗುರಾದ ಮೇಲೆ ಆಸ್ಪತ್ರೆಯ ದಾರಿ ಮರೆಯುವವರೇ ಹೆಚ್ಚು. ಮುಂದಿನ ಪರೀಕ್ಷೆಯ ತಾರೀಖನ್ನು ಇವತ್ತೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ, ಆ ದಿನ ಅವರನ್ನು ನೀವೇ ಕರೆದುಕೊಂಡು ಹೋಗಿ.